ಗುತ್ತೂರು ರಸ್ತೆಯ ಜಿಂಕೆ

12-1-65, ಮಂಗಳವಾರ, ಹರಿಹರ

ದನದ ಆಸ್ಪತ್ರೆಯಲ್ಲಿ ಡಾಕ್ಟರು ರಜೆ, ನಾನೊಬ್ಬನೇ. ಬೆಳಿಗ್ಗೆಯಿಂದ ಎತ್ತುಗಳಿಗೆ ಇಂಜೆಕ್ಷನ್ ಕೊಟ್ಟು ಕೈ ಸೋತಿತ್ತು. ಹನ್ನೊಂದಕ್ಕೆ ಫಾರೆಸ್ಟ್ ಗಾರ್ಡ್ ಸತ್ತ ಗಂಡು ಜಿಂಕೆಯೊಂದನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ಹಿಂದೆ ಗುತ್ತೂರಿನ ಕೂಲಿ ಹೆಂಗಸು ಕೆಂಚಕ್ಕ. ಕೈಗೆ ಹಗ್ಗ. ಜಿಂಕೆಯ ಒಂದು ತೊಡೆ ಕೊಯ್ದುಕೊಂಡಿದ್ದಳಂತೆ. ಬೇಟೆ ಕೇಸು.

"ಲಾರಿ ಹೊಡೆದು ಹೋಗಿತ್ರಿ. ನಾಯಿ ತಿನ್ನೋದನ್ನ ಮಕ್ಳಿಗೆ ಒಯ್ದೆ. ತಪ್ಪೇನ್ರಿ?"

"ರಸ್ತೆ ಮ್ಯಾಲೆ ಸತ್ರೂ ಸರ್ಕಾರದ್ದು. ಮುಟ್ಟಂಗಿಲ್ಲ, ನಮಗೆ ತಿಳಿಸ್ಬೇಕು," ಎಂದ ಗಾರ್ಡ್.

ಕಾನೂನು ಇರಬಹುದು. ಆದರೆ ಬೇಟೆ ಎಲ್ಲಿಂದ ಬಂತು? ಬಲಗಡೆ ಪಕ್ಕೆಲುಬೆಲ್ಲ ಪುಡಿ. ಕೊಯ್ದ ಕಡೆ ರಕ್ತ ಹೆಪ್ಪುಗಟ್ಟಿಲ್ಲ — ಸತ್ತ ಮೇಲೆ ಕೊಯ್ದದ್ದು. ಹಾಗೇ ರಿಪೋರ್ಟು ಬರೆದೆ.

13-1-65, ಮಧ್ಯಾಹ್ನ

ರೇಂಜರ್ ಬಂದರು. ರಿಪೋರ್ಟು ಓದಿ ಹರಿದರು.

"ಏಕಾಂತಪ್ಪ, ಕುಡುಗೋಲಿನ ಪೆಟ್ಟಿಗೆ ಸತ್ತೈತೆ ಅಂತ ಬರಿ. ಈ ವರ್ಷ ನಮ್ಮದು ಒಂದೂ ಕೇಸಿಲ್ಲ."

"ಸುಳ್ಳಾಗ್ತೈತಲ್ರಿ."

"ನೀನು ಕಂಪೌಂಡರು. ಟ್ರಾನ್ಸ್‌ಫರ್ ಬೇಕೇನು?"

ಬರೆದೆ. ಸಹಿ ಹಾಕಿದೆ. ಥೂ.

ಹೋಗುವಾಗ ಹೇಳುತ್ತಾರೆ — ತೊಗಲು ಸುಲಿದು ಉಪ್ಪು ಹಚ್ಚು, ಕೊಂಬು ಸಮೇತ ದಾವಣಗೆರೆಗೆ, ಕೆ.ಬಿ. ಬಡಾವಣೆಯ ನಮ್ಮ ಮನೆಗೆ ಕಳಿಸು. ಮನೆಗೆ! ಆಫೀಸಿಗಲ್ಲ. ಅವಳು ಮುಟ್ಟಿದರೆ ಕಳ್ಳಿ. ಇವರು ಒಯ್ದರೆ...

2-2-65

ಕೆಂಚಕ್ಕನ ಜಾಮೀನಿಗೆ ಯಾರೂ ಬಂದಿಲ್ಲವಂತೆ. ಇನ್ನೂ ಜೈಲಲ್ಲೇ. ಊಟ ಸೇರಲಿಲ್ಲ. ಹೆಂಡತಿಯ ಮೇಲೆ ಸುಮ್ಮನೆ ರೇಗಿದೆ.

9-3-65

ದಾವಣಗೆರೆ ಕೋರ್ಟು.

"ಈ ಸಹಿ ನಿಮ್ಮದೇ?" ಮ್ಯಾಜಿಸ್ಟ್ರೇಟರು ಕೇಳಿದರು.

"ನಂದೇ ಸ್ವಾಮಿ. ಬರೆದದ್ದು ಸುಳ್ಳು."

ಎಲ್ಲ ಹೇಳಿಬಿಟ್ಟೆ, ತೊಗಲು ರೇಂಜರ್ ಮನೆಗೆ ಕಳಿಸಿದ್ದನ್ನೂ. ತೊಗಲು ಎಲ್ಲಿ ಎಂದು ಕೇಳಿದರೆ ರೇಂಜರ್ ನೆಲ ನೋಡಿದರು. ಬೇಟೆ ಕೇಸು ಬಿದ್ದುಹೋಯಿತು. ಮಾಂಸ ಒಯ್ದದ್ದಕ್ಕೆ ಕೆಂಚಕ್ಕನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು.

11-3-65

ಸಸ್ಪೆನ್ಷನ್ ಆರ್ಡರು ಬಂತು. ಬರಲಿ.

ಸಂಜೆ ಗುತ್ತೂರಿಗೆ ಹೋದೆ. ಕೆಂಚಕ್ಕ ಜೋಳ ಕೇರುತ್ತಿದ್ದಳು. ತಪ್ಪಾಯಿತು ಎಂದೆ. ಮೊರ ಇಳಿಸಲಿಲ್ಲ.

"ಐವತ್ತಾರು ದಿನ ಒಳಗಿದ್ದೆ. ಮಕ್ಳು ಅವರಿವರ ಮನೆ ಬಾಗ್ಲಾಗೆ. ನಿಜ ನಿಮಗೆ ಮೊದ್ಲ ದಿನಾನೇ ಗೊತ್ತಿತ್ತಲ್ರಿ?"

ಗೊತ್ತಿತ್ತು. ರೇಂಜರ್ ಹೆದರಿಸಿದ್ದು, ನನ್ನ ನೌಕರಿ, ಮನೆ... ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಆ ನೆಪವೆಲ್ಲ ಬಿಟ್ಟು, "ಗೊತ್ತಿತ್ತು, ಕೆಂಚಕ್ಕ," ಎಂದಷ್ಟೇ ಹೇಳಿದೆ.