ನಡುವಿನ ಜಾಗ

ನವೆಂಬರ್ 14, ಗುರುವಾರ. ಕಾನ್ ಥೋ.

ಆ ಕ್ಯಾಮೆರಾ ಕೊಳ್ಳಲೇಬಾರದಿತ್ತು. ತಂಗಿ ಥುಯ್‌ಳ ಹುಟ್ಟುಹಬ್ಬಕ್ಕೆಂದು ಅಂಗಡಿಯಲ್ಲಿ ಅರ್ಧ ದಿನ ಕಳೆದೆ. ಹೊಸದಾಗಿ ಕಲಿಯುವವರಿಗೆ ಒಗ್ಗುವಂಥ, ನನ್ನ ಸಂಬಳಕ್ಕೆ ಎಟಕುವಂಥ ಎರಡೇ ಇದ್ದವು. ಒಂದರಲ್ಲಿ ದೂರದ್ದು ಚೆನ್ನಾಗಿ ಬರುತ್ತಿತ್ತು. ಇನ್ನೊಂದರ ಜೊತೆ ಪುಟ್ಟ ಸ್ಟ್ಯಾಂಡ್ ಕೊಡುತ್ತಿದ್ದರು.

"ಟೈಮರ್ ಹಾಕಿ ಇದ್ರ ಮೇಲಿಟ್ರೆ ಎಲ್ರೂ ಫೋಟೋದಲ್ಲಿ ಬರ್ತೀರ ಕಣಮ್ಮ, ಯಾರೂ ಹೊರಗುಳಿಯಲ್ಲ," ಎಂದ ಅಂಗಡಿಯವನು. ಆ ಮಾತಿಗೇ ಸೋತೆ. ಎಲ್ಲರೂ ಇರುವ ಫೋಟೋ ಈ ವರ್ಷವೇ ಬೇಕಿತ್ತು. ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ನಾವು ಹೇಳಿಲ್ಲ. ಹೊಟ್ಟೆಯಲ್ಲಿ ಹುಣ್ಣು ಎಂದಿದ್ದೇವೆ.

ಊಟವಾದ ಮೇಲೆ ಥುಯ್ ಸ್ಟ್ಯಾಂಡನ್ನು ಮೇಜಿನ ಮೇಲಿಟ್ಟಳು. ನಾವು ಮೂವರೇ. ಮೂವರು ಫೋಟೋಗೆ ನಿಂತರೆ ನಡುವಿನವರು ಮೊದಲು ಸಾಯುತ್ತಾರೆ ಎಂಬ ಭಯ ನಮ್ಮಲ್ಲಿ ಎಲ್ಲರಿಗೂ ಇದೆ, ಅಮ್ಮನಿಗೆ ಇನ್ನೂ ಹೆಚ್ಚು. ಮೂವರಾದಾಗಲೆಲ್ಲ ಪಕ್ಕದ ಮನೆಯ ಅಜ್ಜಿಯನ್ನು ಎಳೆತಂದು ನಾಲ್ವರು ಮಾಡುತ್ತಿದ್ದಳು. ಒಮ್ಮೆ ಯಾರೂ ಸಿಗದೆ ನಾಯಿಯನ್ನು ನಿಲ್ಲಿಸಿದ್ದಳು.

"ಅಜ್ಜೀನ ಕರೀಲಾ?" ಎಂದೆ.

"ಮಲ್ಗಿರ್ತಾರೆ, ಬಿಡೇ," ಎಂದಳು ಅಮ್ಮ. ಗೋಡೆಯಾಚೆ ಅಜ್ಜಿಯ ಟಿವಿ ಜೋರಾಗಿ ಕೇಳುತ್ತಿತ್ತು.

ಆಮೇಲೆ ನಮ್ಮಿಬ್ಬರನ್ನೂ ಅತ್ತಿತ್ತ ಸರಿಸಿ ತಾನೇ ನಡುವೆ ಬಂದು ನಿಂತಳು. "ಹುಣ್ಣು ಅಂದಾಗ್ಲೂ ನಿನ್ ಮುಖ ಹೀಗೇ ಇತ್ತು. ಸ್ವಲ್ಪ ನಗೇ, ಟೈಮರ್ ದೀಪ ಮಿನುಗ್ತಾ ಇದೆ."

ಫೋಟೋ ಚೆನ್ನಾಗಿಯೇ ಬಂದಿದೆ. ಮೂವರಲ್ಲಿ ನಗುತ್ತಿರುವುದು ಅಮ್ಮ ಒಬ್ಬಳೇ. ಅಳಿಸಿಬಿಡೋಣ ಎಂದು ಥುಯ್ ಅಳುತ್ತಿದ್ದಾಳೆ. ಆದರೆ ಅಳಿಸಿದರೆ ಅಮ್ಮ ಎಲ್ಲ ಗೊತ್ತಿದ್ದೂ ತಾನಾಗಿ ನಡುವೆ ನಿಂತು ನಕ್ಕಿದ್ದೂ ಅಳಿಸಿಹೋಗುತ್ತದೆ.