ನಾಣ್ಯದ ಬಾಗಿಲು, ಭಾವನ ಜಾಮೀನು

ತಂಗೀ,

ನಾವಿಬ್ಬರೂ ಕ್ಷೇಮ, ನಿನ್ನ ಭಾವನ ಹೊಟ್ಟೆಯೊಂದನ್ನು ಬಿಟ್ಟು. ನಿನ್ನೆ ಇಲ್ಲಿಯ ರೈಲು ನಿಲ್ದಾಣದಲ್ಲಿ ಅದು ಕೆಟ್ಟಿತು. ಶೌಚಾಲಯದ ಬಾಗಿಲೋ ನಾಣ್ಯ ಹಾಕದೆ ತೆರೆಯದು. ನಮ್ಮಲ್ಲಿ ಈ ದೇಶದ ಬಿಡಿಗಾಸೂ ಇರಲಿಲ್ಲ. ಬ್ಯಾಂಕ್ ಮ್ಯಾನೇಜರಾಗಿ, ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದವರ ಸಾಲದ ಅರ್ಜಿಯನ್ನು ಮೂವತ್ತು ವರ್ಷ ತಳ್ಳಿಹಾಕಿದವರು, ಕಣ್ಣು ಮುಚ್ಚಿಕೊಂಡು ತಾವೇ ಎಟಿಎಮ್ಮಿನಲ್ಲಿ ಹಾಗೆ ತೆಗೆದರು. ಬಂದದ್ದು ಒಂದೇ ದೊಡ್ಡ ನೋಟು. ಚಿಲ್ಲರೆಗಾಗಿ ಈ ಅಂಚೆ ಕಾರ್ಡು ಕೊಂಡು ಓಡಿದರು.

ಹೊರಬಂದವರೇ, "ನಿನ್ನ ತಂಗಿ ಅಂಗಡಿ ಸಾಲಕ್ಕೆ ನಾನು ಜಾಮೀನು ಕಣೇ. ಕೈಯಲ್ಲಿ ಕಾಸಿಲ್ಲದ ಆಸಾಮಿ ಅಂತ ಈಗ ನನ್ನ ಕ್ರೆಡಿಟ್ ಸ್ಕೋರೇ ಬಿದ್ದೋಗುತ್ತೆ," ಎಂದು ತಲೆ ಹಿಡಿದು ಕೂತರು. ತೆಗೆದ ದಿನದಿಂದಲೇ ಬಡ್ಡಿಯೆಂದು ಅಲ್ಲೇ ಫೋನಿನಲ್ಲಿ ಹಣ ಕಟ್ಟಿ, ನಿನ್ನ ಅರ್ಜಿ ಇರುವ ತಮ್ಮ ಹಳೆಯ ಶಾಖೆಗೆ ಕರೆಮಾಡಿ ತಪ್ಪೊಪ್ಪಿಕೊಂಡರು.

ಈಗಿನ ಮ್ಯಾನೇಜರು, "ಒಂದ್ಸಲ ತೆಗೆದು ಆಗ್ಲೇ ಕಟ್ಟಿದ್ದೀರಲ್ಲ ಸರ್, ಏನೂ ಆಗಲ್ಲ. ಸಾಲ ಪಾಸಾಗಿದೆ," ಎಂದರು.

"ಹೇಗ್ರೀ ಪಾಸ್ ಮಾಡ್ತೀರಿ? ನನ್ನಂಥವನ ಜಾಮೀನು ನಂಬಬಹುದೇನ್ರೀ?" ಎಂದು ಇವರು ಜಗಳಕ್ಕೇ ನಿಂತರು.

ನಾವು ಬರುವುದು ತಿಂಗಳ ಕೊನೆಗೆ. ಅಷ್ಟರೊಳಗೆ ಹೋಗಿ ಸಾಲದ ಹಣ ತೆಗೆದುಕೊಂಡುಬಿಡು. ಇವರು ಬಂದರೆ ತಡೆದೇ ತಡೆಯುತ್ತಾರೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ಅಕ್ಕ