ಕೆಳದಾರಿಯಲ್ಲಿ ಚಕ್ರದ ಗುರುತು

ಮೂಲ್‌ಗೋಲ್, ಸಾಂಗ್ಜು
ಏಪ್ರಿಲ್ 16, ಬುಧವಾರ ಮಧ್ಯಾಹ್ನ

ಮಗನೇ ದೋಕ್‌ಸು,

ಮೊದಲು ಕನ್ನಡಕ ಹಾಕಿಕೊ. ಯಾವ ಕಾಗದ ಬಂದರೂ ಅರ್ಧ ಓದಿ ಮಡಚಿಡುವ ಚಾಳಿ ನಿನ್ನದು. ಇದನ್ನೂ ಹಾಗೆ ಮಾಡಿದೆಯೋ, ಉಲ್ಸಾನಿಗೇ ಬಂದು ಕಿವಿ ಹಿಂಡುತ್ತೇನೆ, ಐವತ್ತೆರಡು ವರ್ಷದವನು ಅಂತ ನೋಡುವುದಿಲ್ಲ. ಲಕೋಟೆಯಲ್ಲಿರುವ ಇನ್ನೊಂದು ವಸ್ತುವನ್ನು ಈಗಲೇ ಮುಟ್ಟಬೇಡ. ಸೊಂಟನೋವು ಹೇಗಿದೆ? ಹಡಗುಕಟ್ಟೆಯಲ್ಲಿ ಬಗ್ಗುವಾಗ ಪಟ್ಟಿ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ನನ್ನ ಮಂಡಿ ನಿನ್ನೆಯವರೆಗೂ ಚೆನ್ನಾಗಿತ್ತು.

ನಿನ್ನ ಮಗಳು ಬೋರಾ ಮೊನ್ನೆ ಸಂಜೆ ಇಲ್ಲಿಗೆ ಬಂದಳು. ಇಂಚೋನಿನ ಸಮುದ್ರದಿಂದ ಒಬ್ಬಳೇ ಸೈಕಲ್ ತುಳಿದುಕೊಂಡು, ಹಾನ್ ನದಿ ಮುಗಿಸಿ, ಘಟ್ಟ ದಾಟಿ ನಮ್ಮ ನಾಕ್ದೊಂಗ್ ನದಿಗೆ ಇಳಿದಿದ್ದಾಳೆ, ಬುಸಾನಿನ ಸಮುದ್ರದವರೆಗೂ ಹೋಗುತ್ತಾಳಂತೆ. ಮೂಗಿನ ಮೇಲೆ ಚರ್ಮ ಸುಲಿದಿದೆ, ತೊಡೆ ಮಾತ್ರ ಎತ್ತಿನ ತೊಡೆ. ಸೈಕಲ್ ದಾರಿಯುದ್ದಕ್ಕೂ ಫೋನ್ ಗೂಡಿನಂಥ ಕೆಂಪು ಗೂಡುಗಳಿವೆಯಲ್ಲ, ಅವುಗಳಲ್ಲಿ ಒತ್ತಿಕೊಂಡ ಮುದ್ರೆಗಳ ಪುಸ್ತಕ ತೋರಿಸಿ ತೋರಿಸಿ ನನ್ನ ತಲೆ ತಿಂದಳು. ಮೂರು ಸಲ ಸರ್ಕಾರಿ ಪರೀಕ್ಷೆ ಬರೆದು ನಾಲ್ಕನೆಯದಕ್ಕೆ ಒಲ್ಲೆ ಅಂದವಳಿಗೆ ನೀನು "ಈ ಬಾಗಿಲಿಗೆ ಬರಬೇಡ" ಅಂದೆಯಲ್ಲ, ಎಂಟು ತಿಂಗಳಾಯಿತು. ಅವಳು ಎಲ್ಲಿದ್ದಾಳೆ ಅಂತ ದಿನಾ ನನಗೆ ಫೋನ್ ಮಾಡುತ್ತೀಯ, ಅವಳಿಗೆ ಮಾಡುವುದಿಲ್ಲ. ನಾನೇನು ನಿಮ್ಮಿಬ್ಬರ ಟಪಾಲು ಡಬ್ಬಿಯೇ?

ಈಗ ಕೇಳು. ನಿನ್ನೆ ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಹೊರಟವಳಿಗೆ ಅನ್ನದುಂಡೆ, ಒಣ ಪರ್ಸಿಮನ್ ಹಣ್ಣು ಕಟ್ಟಿಕೊಟ್ಟೆ. "ಸೈಕಲ್ಲಿಗೆ ಅಂತ ರಸ್ತೆ ಮೇಲೆ ಎಳೆದ ನೀಲಿ ಗೆರೆ ಗುಡ್ಡ ಹತ್ತುತ್ತೆ, ಅದು ಊರು ಗೊತ್ತಿಲ್ಲದವರಿಗೆ. ನೀನು ಬಂಡೆ ಬುಡದಲ್ಲಿ ನದಿ ಪಕ್ಕದ ಕೆಳದಾರಿ ಹಿಡಿ, ನಾನು ಐವತ್ತು ವರ್ಷ ಅದರಲ್ಲೇ ಸಂತೆಗೆ ಹೋಗಿದ್ದೀನಿ" ಅಂದೆ. ಹೂಂ ಅಂದಳು. ಅವಳು ಹೋಗಿ ಅರ್ಧ ಗಂಟೆಯಾಗಿಲ್ಲ, ಊರ ಮುಖ್ಯಸ್ಥ ಚೋ ಧ್ವನಿವರ್ಧಕದಲ್ಲಿ ಕೆಮ್ಮಿ ಕೂಗಿದ, ಮೇಲಿನ ಅಡ್ಡಗಟ್ಟೆಯ ಬಾಗಿಲು ತೆಗೆದಿದ್ದಾರೆ, ಯಾರೂ ಕೆಳದಾರಿಗೆ ಇಳಿಯಬೇಡಿ ಅಂತ.

ಕೈಯಲ್ಲಿದ್ದ ಪಾತ್ರೆ ಎಲ್ಲಿಟ್ಟೆನೋ ಇನ್ನೂ ಸಿಕ್ಕಿಲ್ಲ. ಅವಳ ಫೋನ್ ಎತ್ತುವವರಿಲ್ಲ. ಚೋನ ಗಾಡಿ ರಿಪೇರಿಗೆ ಹೋಗಿತ್ತು. ನನ್ನ ಸೈಕಲ್ ತೆಗೆದೆ. ಎಪ್ಪತ್ತಾರು ವರ್ಷದವಳು ಸೊಪ್ಪಿನ ಬುಟ್ಟಿ ಬಿಚ್ಚದೆ ಹಾಗೇ ತುಳಿದೆ. ಕೆಳದಾರಿಯ ಬಾಯಲ್ಲಿ ಕೆಸರು, ಕೆಸರಲ್ಲಿ ಒಂದೇ ಒಂದು ಚಕ್ರದ ಗುರುತು, ಒಳಕ್ಕೆ ಹೋಗಿದೆ. ಹೊರಕ್ಕೆ ಬಂದಿಲ್ಲ. ಇಪ್ಪತ್ತು ಮಾರು ಆಚೆ ದಾರಿಯೇ ಇಲ್ಲ, ಕಂದು ನೀರು. ನಾನು ಮೊಣಕಾಲವರೆಗೆ ಇಳಿದು ಅವಳ ಹೆಸರು ಕೂಗಿದೆ. ನೀರಿನ ಸದ್ದಿಗೆ ನನ್ನ ದನಿ ನನಗೇ ಕೇಳಲಿಲ್ಲ. ನಾನು ಕಳಿಸಿದ ದಾರಿ, ದೋಕ್‌ಸು. ನಿನಗೆ ಏನಂತ ಹೇಳಲಿ ಅನ್ನುವುದೊಂದೇ ತಲೆಯಲ್ಲಿ.

ಆಗ ಮೇಲಿಂದ ಸೈಕಲ್ ಗಂಟೆ. ಗುಡ್ಡದ ನೆತ್ತಿಯಲ್ಲಿ ಅನ್ನದುಂಡೆ ತಿನ್ನುತ್ತ ಕೂತಿದ್ದಾಳೆ. "ಅಜ್ಜಿ, ನೀರಲ್ಲಿ ಏನು ಹುಡುಕ್ತಿದ್ದೀಯಾ?"

ಮೇಲೆ ಹತ್ತಿ ಬೆನ್ನಿಗೆ ನಾಲ್ಕು ಬಿಟ್ಟೆ, ಆಮೇಲೆ ಅವಳನ್ನೇ ಹಿಡಿದುಕೊಂಡು ಕೂತೆ. ಒಳಗೆ ಹೋದಳಂತೆ, ನೀರಿನ ಬಣ್ಣ ನೋಡಿದಳಂತೆ, ಸೈಕಲ್ ಹೆಗಲಿಗೆ ಹಾಕಿ ಕಲ್ಲಿನ ದಂಡೆ ಮೇಲೆ ವಾಪಸು ನಡೆದು ನೀಲಿ ಗೆರೆ ಹಿಡಿದು ಗುಡ್ಡ ಹತ್ತಿದಳಂತೆ. "ನೀನು ಹೇಳಿದೆ ಅಂತ ಇಳಿದೆ ಅಜ್ಜಿ. ಕಣ್ಣಿಗೆ ಸರಿ ಕಾಣಲಿಲ್ಲ, ಬಿಟ್ಟೆ" ಅಂದಳು. ನನ್ನ ಮಾತು ಮೀರಿದ್ದಕ್ಕೆ ಬದುಕಿದಳು. ಐವತ್ತು ವರ್ಷದ ನನ್ನ ದಾರಿ ಅವಳ ಉಪಯೋಗಕ್ಕೆ ಬರಲಿಲ್ಲ. ನಿನ್ನ ದಾರಿ ಬಗ್ಗೆ ನೀನೇ ಯೋಚನೆ ಮಾಡು, ನಾನು ಮೂರನೇ ಕ್ಲಾಸಿನವಳು.

ಸೊಸೆಗೆ ಹೊಸ ಕಿಮ್ಚಿ ಕಳಿಸುತ್ತೇನೆ ಅಂತ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಸೊಂಟ ಗಟ್ಟಿಯಾಗಲಿ.

ನಿನ್ನ ಅಮ್ಮ

ಮರೆತೆ: ಲಕೋಟೆಯಲ್ಲಿರುವುದು ಅವಳ ಮುದ್ರೆ ಪುಸ್ತಕ. ಗುಡ್ಡದ ಮೇಲೆ ನನ್ನ ಕೈಗೆ ಕೊಟ್ಟಿದ್ದಳು, ನನ್ನ ಜೇಬಲ್ಲಿ ಉಳಿಯಿತು. ಉಳಿಯಿತೋ, ಉಳಿಸಿಕೊಂಡೆನೋ, ನೀನು ಕೇಳಬೇಡ. ಪುಸ್ತಕ ಕಾಣುತ್ತಿಲ್ಲ ಅಂತ ಆಗಲೇ ಫೋನ್ ಮಾಡಿ ಅತ್ತಳು. ಭಾನುವಾರ ಮಧ್ಯಾಹ್ನ ಬುಸಾನಿನಲ್ಲಿ ನದಿ ಸಮುದ್ರ ಸೇರುವ ಕಡೆ, ಕೊನೆಯ ಕೆಂಪು ಗೂಡಿನ ಹತ್ತಿರ ಒಬ್ಬರು ತಂದುಕೊಡುತ್ತಾರೆ ಅಂದಿದ್ದೇನೆ. ಯಾರು ಅಂತ ಹೇಳಿಲ್ಲ. ನಿನಗೆ ಉಲ್ಸಾನಿನಿಂದ ಬಸ್ಸಿದೆ. ಹೋಗಿ ಬಂದು, ಅವಳು ಏನಂದಳು, ನೀನು ಏನಂದೆ, ಎರಡನ್ನೂ ಮೇ ತಿಂಗಳು ಹುಟ್ಟುವುದರೊಳಗೆ ನನಗೆ ಬರೆ.